ಮಾಸಿದ ಅಕ್ಷರಗಳೂ ಗಣಕಯಂತ್ರವೂ

ಕಳೆದ ಅಕ್ಟೋಬರ್ ತಿಂಗಳ ಕೊನೆಯ ವಾರದಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ನಮ್ಮ ಗುರುನಿವಾಸದ ಜಗಲಿಗೆ ಬಂದು ಕುಳಿತರು. "ಫಾದರ್, ನಮ್ಮ ಅವ್ವನ ಅವ್ವನ ಹೆಸರು ಬೇಕಾಗಿತ್ತು" ಎಂದರು. ಅವರ ತಾಯಿ 1916ರಲ್ಲಿ ಇದೇ ದೇವಾಲಯದಲ್ಲಿ ಜ್ಞಾನಸ್ನಾನ ಪಡೆದವರು. ಎರಡೇ ವರ್ಷಗಳಲ್ಲಿ, 1918ರ ಇನ್‌ಫ್ಲುಯೆಂಜಾ ಜ್ವರಕ್ಕೆ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು ಬಂಧುಗಳ ಆಶ್ರಯದಲ್ಲಿ ಬೆಳೆದರಂತೆ. ನವೆಂಬರ್ 2ರ ಸಕಲ ಮೃತರ ಸ್ಮರಣೆಯ ಪೂಜೆಗೆ ಮನೆಯ ಅಗಲಿದವರ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಡುವಾಗ ಆ ಸ್ಥಾನದಲ್ಲಿ ಇಷ್ಟು ವರ್ಷವೂ 'ಅಜ್ಜಿ' ಎಂದಷ್ಟೇ ಬರೆಯುತ್ತಿದ್ದರು. ಹೆಸರನ್ನು ಬಲ್ಲವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

"ಐದು ನಿಮಿಷ ಕುಳಿತಿರಿ" ಎಂದು ನಾನು ಧೈರ್ಯವಾಗಿಯೇ ಹೇಳಿದೆ. ಏಕೆಂದರೆ ಮೂರು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಯುವಕರು ರಜೆಯ ದಿನಗಳನ್ನೆಲ್ಲ ವ್ಯಯಿಸಿ ಹಳೆಯ ವಹಿಗಳನ್ನು ಸ್ಕ್ಯಾನ್ ಮಾಡಿ ಗಣಕಯಂತ್ರಕ್ಕೆ ಸೇರಿಸಿದ್ದರು. ಮೊದಲ ಹತ್ತು ಪುಟಗಳನ್ನು ಅವರು ತಂದು ತೋರಿಸಿದಾಗ, ಅಚ್ಚ ಬಿಳಿಯ ಮೇಲೆ ಅಚ್ಚ ಕಪ್ಪಾಗಿ ನಿಂತ ಅಕ್ಷರಗಳನ್ನು ಕಂಡು, "ಬಹಳ ಚೆನ್ನಾಗಿದೆ, ಹೀಗೆಯೇ ಮುಗಿಸಿರಿ" ಎಂದು ಅಪ್ಪಣೆ ಕೊಟ್ಟವನು ನಾನೇ. ಈಗ 1916ರ ಪುಟವನ್ನು ತೆರೆದರೆ, ಬೇಕಾದ ಸಾಲಿನ ಅರ್ಧಭಾಗ ಬಿಳಿಯ ಬಯಲು. ಉಳಿದರ್ಧ ಕರಿಯ ಮೋಡ! ಯುವಕರನ್ನು ದೂರುವಂತಿರಲಿಲ್ಲ. ಮೊದಲ ಹತ್ತು ಪುಟಗಳನ್ನಷ್ಟೇ ನೋಡಿ ತೀರ್ಪು ಕೊಟ್ಟ ತಪ್ಪು ನನ್ನದು.

ಇಂತಹ ವಹಿಗಳ ಪರಂಪರೆ ಹಳೆಯದು. 1563ರಲ್ಲಿ ಟ್ರೆಂಟ್ ಮಹಾಸಭೆಯು ವಿವಾಹಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು ಗುರುಗಳಿಗೆ ವಿಧಿಸಿತು. ಜ್ಞಾನಸ್ನಾನದಲ್ಲಿ ನಿಂತ ಜ್ಞಾನತಂದೆ, ಜ್ಞಾನತಾಯಿಯರ ಹೆಸರನ್ನೂ ಬರೆಯಬೇಕೆಂದಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ವಿಧಿಯು ಹಳೆಯ ವಹಿಗಳನ್ನೂ ಜಾಗರೂಕತೆಯಿಂದ ಕಾಪಾಡಬೇಕೆನ್ನುತ್ತದೆ. ಆದರೆ ಮಳೆನಾಡಿನ ತೇವಕ್ಕೆ ಕಾನೂನಿನ ಭಯವಿಲ್ಲ. ಕಾಗದ ಹಳದಿಯಾಗುತ್ತದೆ, ಕಬ್ಬಿಣದ ಲವಣ ಮತ್ತು ಮಾಚಿಕಾಯಿಯ ಒಗರಿನಿಂದ ಮಾಡಿದ ಹಳೆಯ ಕಾಲದ ಕಪ್ಪು ಶಾಯಿ ವರ್ಷಗಳು ಕಳೆದಂತೆ ಕಂದಾಗುತ್ತದೆ. ಹೀಗೆ ಕಾಗದವೂ ಶಾಯಿಯೂ ದಿನೇ ದಿನೇ ಒಂದನ್ನೊಂದು ಹೋಲತೊಡಗುತ್ತವೆ. ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದುವಾಗ, ಭೇದವಿಲ್ಲದ ಕಡೆ ಅರಿವಿಲ್ಲ ಎಂಬ ವಿಚಾರವನ್ನು ದೊಡ್ಡ ದೊಡ್ಡ ಶಬ್ದಗಳಲ್ಲಿ ಚರ್ಚಿಸಿದ್ದೆವು. ಅದರ ಸರಳವಾದ ಉದಾಹರಣೆ ಮಾಸಿದ ವಹಿಯ ಪುಟವೆಂದು ಆಗ ತೋಚಿರಲಿಲ್ಲ.

ಇನ್ನು ಗಣಕಯಂತ್ರದ ಕಣ್ಣಿನ ವಿಷಯ. ಬೂದುಬಣ್ಣದ ಸಾಮಾನ್ಯ ಚಿತ್ರದಲ್ಲಿ ಪ್ರತಿಯೊಂದು ಬಿಂದುವಿಗೂ 0ಯಿಂದ 255ರವರೆಗಿನ ಒಂದು ಅಂಕ. 0 ಎಂದರೆ ಕಪ್ಪು, 255 ಎಂದರೆ ಬಿಳುಪು. ಮಾಸಿದ ಪುಟದಲ್ಲಿ ಕಾಗದದ ಅಂಕ 170, ಶಾಯಿಯದು 140 ಎಂದಿಟ್ಟುಕೊಳ್ಳೋಣ. ಇರುವ ಅಂತರ ಮೂವತ್ತೇ, ಕಣ್ಣು ಸೋಲುತ್ತದೆ. ಚಿತ್ರವನ್ನು 'ಕಪ್ಪು ಬಿಳುಪು' ಮಾತ್ರವೆಂದು ಸ್ಕ್ಯಾನ್ ಮಾಡಿದರೆ ಯಂತ್ರವು ನಡುವೆ ಎಲ್ಲೋ ಒಂದು ಗೆರೆ ಎಳೆದು, ಅದಕ್ಕಿಂತ ಮೇಲಿನದೆಲ್ಲ ಬಿಳಿ, ಕೆಳಗಿನದೆಲ್ಲ ಕಪ್ಪು ಎಂದು ನಿರ್ಣಯಿಸಿಬಿಡುತ್ತದೆ. ಗೆರೆ 128ರಲ್ಲಿ ಬಿದ್ದರೆ ಮಾಸಿದ ಶಾಯಿ ಪೂರ್ತಿಯಾಗಿ ಬಿಳಿಯ ಪಾಲು. ಅದಕ್ಕಿಂತ ಗಾಢವಾದ ನೀರಿನ ಕಲೆ ಪೂರ್ತಿಯಾಗಿ ಕಪ್ಪಿನ ಪಾಲು. ನಮ್ಮ ಬಯಲಿಗೂ ಮೋಡಕ್ಕೂ ಇದೇ ಕಾರಣ. ಈ ಗೆರೆಯನ್ನು ಪುಟದ ಅಂಕಗಳನ್ನೇ ಪರಿಶೀಲಿಸಿ ಆರಿಸುವ ಗಣಿತವನ್ನು ಜಪಾನಿನ ನೊಬುಯುಕಿ ಓತ್ಸು 1979ರಲ್ಲಿ ಪ್ರಕಟಿಸಿದರು. ಆದರೆ ಇಡೀ ಪುಟಕ್ಕೆ ಒಂದೇ ಗೆರೆಯೆಂದರೆ ಕಲೆಯಿರುವ ಕಡೆ ಅದು ಸೋಲುತ್ತದೆ. ಪ್ರತಿಯೊಂದು ಬಿಂದುವಿಗೂ ಅದರ ನೆರೆಹೊರೆಯನ್ನು ನೋಡಿ ಬೇರೆ ಬೇರೆ ಗೆರೆ ಎಳೆಯುವ ವಿಧಾನಗಳೂ ಇವೆ.

ಯುವಕರು ಕಪ್ಪು ಬಿಳುಪನ್ನು ಆರಿಸಿದ್ದು ಜಾಗ ಉಳಿಸಲೆಂದು. ಅದೂ ಸುಳ್ಳಲ್ಲ. ಎ4 ಅಳತೆಯ ಹಾಳೆಯನ್ನು ಅಂಗುಲಕ್ಕೆ 300 ಬಿಂದುಗಳಂತೆ ಸ್ಕ್ಯಾನ್ ಮಾಡಿ ಸಂಕುಚಿಸದೆ ಇಟ್ಟರೆ, ಕಪ್ಪು ಬಿಳುಪಿನ ಚಿತ್ರಕ್ಕೆ ಸುಮಾರು ಒಂದು ಮೆಗಾಬೈಟ್ ಸಾಕು. ಬೂದುಬಣ್ಣಕ್ಕೆ ಎಂಟೂಮುಕ್ಕಾಲು, ಪೂರ್ಣ ಬಣ್ಣಕ್ಕೆ ಇಪ್ಪತ್ತಾರು ಮೆಗಾಬೈಟ್ ಬೇಕು. ಆದರೆ ಆ ಇಪ್ಪತ್ತೈದು ಮೆಗಾಬೈಟಿನೊಳಗೇ ಒಬ್ಬ ತಾಯಿಯ ಹೆಸರು ಅಡಗಿತ್ತು!

ಪುಣ್ಯವಶಾತ್ ಮೂಲ ವಹಿ ಬೀರುವಿನಲ್ಲಿತ್ತು. ಆ ಪುಟವನ್ನು ಮತ್ತೆ ಸ್ಕ್ಯಾನ್ ಮಾಡಿದೆವು. ಈ ಬಾರಿ ಪೂರ್ಣ ಬಣ್ಣದಲ್ಲಿ, ಅಂಗುಲಕ್ಕೆ 600 ಬಿಂದುಗಳಂತೆ. ಹಿಂಬದಿಯ ಬರಹ ಇಣುಕದಂತೆ ಹಾಳೆಯ ಹಿಂದೆ ಕರಿಯ ಕಾಗದವನ್ನು ಇಟ್ಟೆವು. ಚಿತ್ರವನ್ನು ಜೆಪೆಗ್ ರೂಪದಲ್ಲಿ ಉಳಿಸಲಿಲ್ಲ. ಆ ರೂಪವು ಜಾಗ ಉಳಿಸಲು ಅಕ್ಷರಗಳ ಅಂಚಿನಲ್ಲಿ ಸೂಕ್ಷ್ಮವಾದ ಕೊಳೆಯನ್ನು ಬಿಡುತ್ತದೆ, ಅಂತರವನ್ನು ಹಿಗ್ಗಿಸಿದಾಗ ಆ ಕೊಳೆಯೂ ಹಿಗ್ಗುತ್ತದೆ. ಟಿಫ್ ರೂಪದಲ್ಲಿ ಒಂದು ಪ್ರತಿಯನ್ನು ಮುಟ್ಟದೆ ಬೇರೆಯಾಗಿಟ್ಟು, ಅದರ ನಕಲಿನ ಮೇಲೆ ಕೆಲಸ ಆರಂಭಿಸಿದೆವು.

ಉಚಿತವಾಗಿ ದೊರೆಯುವ 'ಗಿಂಪ್' ಎಂಬ ತಂತ್ರಾಂಶದಲ್ಲಿ 'ಲೆವೆಲ್ಸ್' ಎಂಬ ಸಾಧನವಿದೆ. ಪುಟದಲ್ಲಿ ಯಾವ ಅಂಕದ ಬಿಂದುಗಳು ಎಷ್ಟಿವೆ ಎಂಬುದನ್ನು ಅದು ಗುಡ್ಡದಂತಹ ಒಂದು ನಕ್ಷೆಯಾಗಿ ತೋರಿಸುತ್ತದೆ. ಮಾಸಿದ ಪುಟದ ಗುಡ್ಡ ನಡುವೆ ಮುದುಡಿ ಕುಳಿತಿರುತ್ತದೆ, ಎರಡೂ ಬದಿ ಖಾಲಿ. ಎಡಗಡೆಯ ಗುಬುಟನ್ನು 130ಕ್ಕೂ ಬಲಗಡೆಯದನ್ನು 180ಕ್ಕೂ ಸರಿಸಿದರೆ, ಆ ಐವತ್ತರ ಅಂತರವೇ 0ಯಿಂದ 255ರವರೆಗೆ ಹಿಗ್ಗುತ್ತದೆ. ಆಗ ಶಾಯಿಯ 140 ಎಂಬುದು 51 ಆಗುತ್ತದೆ, ಕಾಗದದ 170 ಎಂಬುದು 204; ಮೂವತ್ತರ ಅಂತರ ನೂರೈವತ್ತಮೂರಾಯಿತು. ಗಮನಿಸಬೇಕಾದುದೇನೆಂದರೆ, ಇಲ್ಲಿ ಯಂತ್ರವು ಹೊಸದೇನನ್ನೂ ಸೇರಿಸಲಿಲ್ಲ; ಇದ್ದ ಭೇದವನ್ನೇ ನಮ್ಮ ಕಣ್ಣಿನ ಅಳತೆಗೆ ತಂದಿತು. ಬಯಲಿನಂತಿದ್ದ ಎಡಭಾಗದಲ್ಲಿ ಮಗುವಿನ ಹೆಸರು, ತಂದೆಯ ಹೆಸರು 'ಇಗ್ನಾಷಿಯುಸ್' ಎಂಬುದು ಮೂಡಿಬಂದವು.

ಕಲೆಯ ಭಾಗ ಅಷ್ಟು ಸುಲಭವಾಗಿ ಬಗ್ಗಲಿಲ್ಲ. ಅದಕ್ಕೆ ಬೇರೊಂದು ಉಪಾಯವಿದೆ. ಚಿತ್ರದ ಇನ್ನೊಂದು ನಕಲನ್ನು ಅಕ್ಷರಗಳೆಲ್ಲ ಕರಗಿ ಕಲೆ, ನೆರಳು ಮಾತ್ರ ಉಳಿಯುವಷ್ಟು ಮಸುಕು ಮಾಡಿ, ಮೂಲ ಚಿತ್ರದ ಮೇಲಿಟ್ಟು 'ಡಿವೈಡ್', ಅಂದರೆ ಭಾಗಾಕಾರ, ಎಂಬ ವಿಧವನ್ನು ಆರಿಸುವುದು. ಕಲೆಯಿಂದ ಕಲೆಯೇ ಭಾಗಿಸಲ್ಪಟ್ಟು ಹಿನ್ನೆಲೆ ಸಮನಾಗುತ್ತದೆ, ಅಕ್ಷರ ಉಳಿಯುತ್ತದೆ. ಜೊತೆಗೆ ಬಣ್ಣದ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳಿರುವುದರಿಂದ ಒಂದೊಂದನ್ನೇ ಬಿಡಿಯಾಗಿ ನೋಡಬಹುದು. ನೀಲಿ ಶಾಯಿಯ ಮೇಲೆ ಹಳದಿ ಕಲೆಯಿದ್ದರೆ ಕೆಂಪು ಪದರದಲ್ಲಿ ಕಲೆ ಬಹುಮಟ್ಟಿಗೆ ಮಾಯವಾಗುತ್ತದೆ. ನಮ್ಮ ಪುಟದಲ್ಲಿ ಕಲೆಯೂ ಕಂದು, ಶಾಯಿಯೂ ಕಂದು. ಹಸಿರು ಪದರವೇ ಹೆಚ್ಚು ಉಪಕಾರ ಮಾಡಿತು.

ಅಲ್ಲಿ ಕಂಡ ತಾಯಿಯ ಹೆಸರನ್ನು ನಾನು ಒಡನೆಯೇ 'ಮರಿಯಾ' ಎಂದು ಓದಿದೆ. ಓದದೆ ಏನು! ಆ ವಹಿಯಲ್ಲಿ ಪುಟಕ್ಕೆ ನಾಲ್ಕೈದು ಮರಿಯಾರಿದ್ದಾರೆ. ಸ್ವೀಕರಿಸುವವನ ಸ್ವಭಾವಕ್ಕೆ ತಕ್ಕಂತೆಯೇ ವಿಷಯವು ಸ್ವೀಕೃತವಾಗುತ್ತದೆ ಎಂದು ಕಲಿತವನೇ ಹೀಗೆ ಎಡವಿದೆ. ಜೊತೆಗಿದ್ದ ಯುವಕನು, "ಫಾದರ್, ಇಲ್ಲಿ ಮೇಲಕ್ಕೆ ಏನೋ ಎದ್ದಿದೆಯಲ್ಲ" ಎಂದು ತೆರೆಯ ಮೇಲೆ ಬೆರಳಿಟ್ಟನು. ಲ್ಯಾಟಿನ್ ಲಿಪಿಯಲ್ಲಿ ಮರಿಯಾ ಮತ್ತು ಮಾರ್ಥಾ ಎಂಬೆರಡು ಹೆಸರುಗಳ ಮೊದಲ ಮೂರು ಅಕ್ಷರಗಳು ಒಂದೇ. ಅನಂತರ ಮೊದಲನೆಯದರಲ್ಲಿ ಗಿಡ್ಡವಾದ ಒಂದು 'ಐ', ಎರಡನೆಯದರಲ್ಲಿ ಎತ್ತರದ 'ಟಿ', 'ಎಚ್'. ಕಲೆಯ ಅಂಚು ಸರಿಯಾಗಿ ಅಲ್ಲಿಯೇ ಹಾದುಹೋಗಿತ್ತು.

ಹತ್ತೊಂಬತ್ತನೆಯ ಶತಮಾನದ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಮುಂದೆ ಕಾರ್ಡಿನಲ್ ಆದ ಆಂಜೆಲೊ ಮಾಯ್ ಅವರು ವ್ಯಾಟಿಕನ್ ಗ್ರಂಥಾಲಯದಲ್ಲಿದ್ದಾಗ, 1819ರಲ್ಲಿ, ಸಂತ ಅಗಸ್ಟೀನರ ಕೀರ್ತನೆಗಳ ವ್ಯಾಖ್ಯಾನದ ಹಸ್ತಪ್ರತಿಯ ಅಡಿಯಲ್ಲಿ ಕೆರೆದು ಅಳಿಸಲಾಗಿದ್ದ ಸಿಸೆರೊನ ರಾಜ್ಯಶಾಸ್ತ್ರ ಗ್ರಂಥವನ್ನು ಕಂಡುಹಿಡಿದು 1822ರಲ್ಲಿ ಪ್ರಕಟಿಸಿದರು. ಮಾಸಿದ ಅಕ್ಷರಗಳನ್ನು ಎಬ್ಬಿಸಲು ಅವರು ಚರ್ಮದ ಹಾಳೆಗಳಿಗೆ ಮಾಚಿಕಾಯಿಯ ದ್ರಾವಣವನ್ನು ಸವರುತ್ತಿದ್ದರು. ಅಕ್ಷರಗಳು ಆ ಕ್ಷಣಕ್ಕೆ ಎದ್ದವು. ಆದರೆ ಅವರು ಹಾಗೆ ಓದಿದ ಹಸ್ತಪ್ರತಿಗಳ ಎಷ್ಟೋ ಹಾಳೆಗಳು ಮುಂದೆ ಕಪ್ಪಿಟ್ಟು ಹಾಳಾದವು. ನಕಲಿನ ಮೇಲೆ ಎಷ್ಟು ಪ್ರಯೋಗ ನಡೆಸಿದರೂ ಮೂಲಕ್ಕೆ ಕೂದಲೆಳೆಯಷ್ಟು ನೋವಾಗದು ಎಂಬ ಭಾಗ್ಯ ಅವರಿಗಿರಲಿಲ್ಲ.

ನಮ್ಮ ಕಾಲದ ಅಪಾಯ ಬೇರೆ ಬಗೆಯದು. 2013ರಲ್ಲಿ ಡೇವಿಡ್ ಕ್ರೀಸೆಲ್ ಎಂಬ ಜರ್ಮನ್ ತಜ್ಞರು, ಝೆರಾಕ್ಸ್ ಸಂಸ್ಥೆಯ ಕೆಲವು ಸ್ಕ್ಯಾನರುಗಳು ಅಂಕಿಗಳನ್ನೇ ಬದಲಿಸುತ್ತಿವೆಯೆಂದು ತೋರಿಸಿಕೊಟ್ಟರು. ಮನೆಯ ನಕ್ಷೆಯೊಂದರಲ್ಲಿ 21.11 ಚದರ ಮೀಟರಿನ ಕೋಣೆ 14.13 ಆಗಿತ್ತು! ಜಾಗ ಉಳಿಸುವ ಭರದಲ್ಲಿ, ಒಂದೇ ತೆರನಾಗಿ ತೋರಿದ ತುಣುಕುಗಳಿಗೆ ಯಂತ್ರವು ಒಂದೇ ಚಿತ್ರವನ್ನು ಅಂಟಿಸುತ್ತಿತ್ತು. ಸಂಸ್ಥೆ ಆಮೇಲೆ ಅದನ್ನು ಸರಿಪಡಿಸಿತು. ಮಸುಕಾದ ಪ್ರತಿಯಾಗಿದ್ದರೆ ಓದುವವನು ಸಂಶಯಪಡುತ್ತಿದ್ದನು. ಸ್ಪಷ್ಟವಾದ ತಪ್ಪನ್ನು ಯಾರು ಸಂಶಯಿಸುತ್ತಾರೆ? ಈಗ ಕೃತಕ ಬುದ್ಧಿಮತ್ತೆಯಿಂದ ಚಿತ್ರವನ್ನು ತಿದ್ದುವ ತಂತ್ರಾಂಶಗಳು ಬಂದಿವೆ. ಅವುಗಳಲ್ಲಿ ಹಲವು ಕಾಣದ ಗೆರೆಯನ್ನು ಊಹಿಸಿ ತುಂಬುತ್ತವೆ. ನಮ್ಮ ಪುಟವನ್ನು ಕೊಟ್ಟಿದ್ದರೆ ನನ್ನಂತೆಯೇ ಅವೂ ಮರಿಯಾ ಎಂದು ಬರೆದಿದ್ದರೆ ಆಶ್ಚರ್ಯವಿಲ್ಲ. ಅದಕ್ಕಾಗಿಯೇ ಅವುಗಳ ಗೊಡವೆಗೆ ಹೋಗಲಿಲ್ಲ.

ಬದಲಾಗಿ ಅದೇ ಪುಟದಲ್ಲಿ ಅದೇ ಗುರುಗಳು ಬರೆದ ಬಾರ್ತೊಲೊಮೆಯುಸ್ ಎಂಬ ಹೆಸರನ್ನು ಹುಡುಕಿ, ಅಲ್ಲಿನ 'ಟಿ', 'ಎಚ್' ಜೋಡಿಯನ್ನು ನಮ್ಮ ಸಾಲಿನ ಪಕ್ಕದಲ್ಲಿಟ್ಟು ನೋಡಿದೆವು. ಓರೆ, ಎತ್ತರ, ಕೊಂಡಿಯ ತಿರುವು, ಎಲ್ಲವೂ ಹೊಂದಿದವು. ಬಳಿಕ ಮೂಲ ವಹಿಯನ್ನೇ ಕಿಟಕಿಯ ಬಳಿ ಒಯ್ದು, ಓರೆಬೆಳಕಿನಲ್ಲಿ ಭೂತಗನ್ನಡಿ ಹಿಡಿದೆವು. ಲೇಖನಿಯ ಮೊನೆ ಕಾಗದವನ್ನು ಒತ್ತಿದ ಗುರುತು ಅಲ್ಲಿತ್ತು.

ಅಜ್ಜನ ಮನೆತನದ ಹೆಸರು ಮಾತ್ರ ದೊರೆಯಲಿಲ್ಲ. ಅಲ್ಲಿ ಹುಳು ಕಾಗದವನ್ನೇ ತಿಂದಿದೆ. ಇಲ್ಲದುದನ್ನು ಯಾವ ಲೆವೆಲ್ಸೂ ಹಿಗ್ಗಿಸಲಾರದು. ಮೂಲ ವಹಿಯಲ್ಲಿ ನಾವೇನನ್ನೂ ತಿದ್ದಲಿಲ್ಲ. ಗಣಕಯಂತ್ರದಲ್ಲಿ ಚಿತ್ರದ ಜೊತೆ ಒಂದು ಟಿಪ್ಪಣಿಯನ್ನು ಇಟ್ಟಿದ್ದೇವೆ: "ತಾಯಿಯ ಹೆಸರು ಮಾರ್ಥಾ ಎಂದು ಓದಲಾಗಿದೆ, ಹಸಿರು ಪದರ, ಹಿನ್ನೆಲೆಯ ಭಾಗಾಕಾರ, ಮೂಲದೊಡನೆ ಹೋಲಿಸಲಾಗಿದೆ." ಉಳಿದ ವಹಿಗಳನ್ನೂ ಯುವಕರು ಈಗ ಬಣ್ಣದಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡುತ್ತಿದ್ದಾರೆ. ಈ ಬಾರಿ ಪ್ರತಿ ವಹಿಯ ಅತ್ಯಂತ ಮಾಸಿದ ಪುಟವನ್ನೇ ಮೊದಲು ನನಗೆ ತೋರಿಸಬೇಕೆಂದು ಹೇಳಿದ್ದೇನೆ.

ಹಿರಿಯರು ಮೂರನೆಯ ದಿನ ಬಂದರು. ಹೆಸರನ್ನು ಕೇಳಿ ಕೆಲಹೊತ್ತು ಮಾತಾಡಲಿಲ್ಲ. ಆಮೇಲೆ ಜೇಬಿನಿಂದ ಚೀಟಿಯನ್ನು ತೆಗೆದು, 'ಅಜ್ಜಿ' ಎಂದಿದ್ದುದನ್ನು ಹೊಡೆದುಹಾಕಿ, "ಥ ಅಕ್ಷರಕ್ಕೆ ಹೊಟ್ಟೆಯಲ್ಲಿ ಚುಕ್ಕೆ ಇಡಬೇಕಲ್ಲವೇ ಫಾದರ್?" ಎಂದು ಕೇಳಿ ಬರೆದುಕೊಂಡರು.