ಊರ ವೀರಗಲ್ಲನ್ನು ತೊಳೆಯುವುದು ಹೇಗೆ?

ಪ್ರಶ್ನೆ: ನಮ್ಮೂರ ಕೆರೆ ಏರಿಯ ಬಳಿ ಸುಣ್ಣ ಮೆತ್ತಿದ, ಅರ್ಧ ಹೂತ ವೀರಗಲ್ಲಿದೆ. ಆಸಿಡ್ ಹಾಕಿ ಉಜ್ಜಬಹುದೇ?
– ಓದುಗರು, ದೊಡ್ಡಬಳ್ಳಾಪುರ ತಾಲ್ಲೂಕು

ಉತ್ತರ: ಆಸಿಡ್ ಖಂಡಿತ ಬೇಡ. ತಂತಿ ಬ್ರಷ್, ಉಳಿ, ಸೋಪಿನ ಪುಡಿಯೂ ಬೇಡ. ನಮ್ಮ ಸೀಮೆಯ ಗಟ್ಟಿ ಕಣಶಿಲೆ ಬಿಸಿಲು ಮಳೆಗೆ ಸುಲಭವಾಗಿ ಜಗ್ಗದು. ಅದಕ್ಕೆ ಹೆಚ್ಚು ಕೇಡು ನಮ್ಮ ಪೇಂಟು, ಎಣ್ಣೆ, ಸಿಮೆಂಟಿನಿಂದಲೇ.

ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಕಲ್ಲನ್ನು ಬರೀ ನೀರಿನಿಂದ ಚೆನ್ನಾಗಿ ನೆನೆಸಿ, ಮೆತ್ತನೆಯ ನೈಲಾನ್ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಉಜ್ಜಿ. ಕಲ್ಲುಹೂವನ್ನು ನೆನೆಸಿ, ಬಿದಿರು ಕಡ್ಡಿಯಿಂದ ಬಿಡಿಸಿ. ಬಿಡದ ಸುಣ್ಣ, ಪೇಂಟನ್ನು ತಜ್ಞರಿಗೆ ಬಿಡಿ. ಮುರಿದ ಕಲ್ಲಿಗೆ ಕಬ್ಬಿಣದ ಸರಳು ಹಾಕಬೇಡಿ. ತುಕ್ಕು ಹಿಡಿದು ಉಬ್ಬಿದರೆ ಕಲ್ಲೇ ಸೀಳುತ್ತದೆ.

ವೀರಗಲ್ಲಿನ ಕೆಳಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಳಗದ ಚಿತ್ರವಿರುತ್ತದೆ. ಹೂತಿರುವುದು ಅದೇ ಭಾಗವಿರಬಹುದು. ಆದರೂ ನೀವೇ ಅಗೆಯಬೇಡಿ. ಪುರಾತತ್ತ್ವ ಇಲಾಖೆಗೆ ಬರೆಯಿರಿ. ಅಕ್ಷರಗಳಿದ್ದರೆ ರಾತ್ರಿ ಪಕ್ಕದಿಂದ ಟಾರ್ಚ್ ಹಿಡಿದು ಫೋಟೊ ತೆಗೆಯಿರಿ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೇ ಸಂಪುಟದಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಶಾಸನಗಳಿವೆ, ನಿಮ್ಮೂರಿನ ಹೆಸರು ಹುಡುಕಿ. ಬೆಂಗಳೂರಿನ ಮಿಥಿಕ್ ಸೊಸೈಟಿ ಈ ಭಾಗದ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದೆ, ಅವರಿಗೂ ತಿಳಿಸಿ.

ಊರಿಗಾಗಿ ಪ್ರಾಣ ಕೊಟ್ಟವನ ಗುರುತು ಅದು. ರಸ್ತೆ ಅಗಲಿಸುವ ಮುನ್ನವೇ ಪಂಚಾಯಿತಿಯ ಗಮನಕ್ಕೆ ತನ್ನಿ.