ಕುರಿಗೆ ಸಹಾಯಧನ, ಉಣ್ಣೆಗೆ ಯಾರು?

ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹೊದ್ದು ತೋಟದ ಕೆಲಸ ಮಾಡುತ್ತಿದ್ದ ಆಳುಗಳನ್ನು ಹಿರಿಯ ಸದಸ್ಯರೆಲ್ಲರೂ ಬಲ್ಲರು. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಆದರೂ ಕುರಿಯೊಂದಿಗೆ ನಮ್ಮ ಸಂಬಂಧ ಕಡಿದಿಲ್ಲ. ಅಡಿಕೆ ಬುಡಕ್ಕೆ ಬಯಲುಸೀಮೆಯಿಂದ ಲಾರಿಯಲ್ಲಿ ಬರುವ ಕುರಿಗೊಬ್ಬರವನ್ನು ಇಂದಿಗೂ ಕೊಳ್ಳುತ್ತಿದ್ದೇವೆ.

ಕಳೆದ ಬೇಸಿಗೆಯಲ್ಲಿ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಸುತ್ತಾಡಿ ಬಂದೆವು. ತೊಗರಿ ಕಟಾವಾದ ಕರಿನೆಲದಲ್ಲಿ ಕುರಿಮಂದೆ ತರುಬಿದ್ದರು. ಹಿರಿಯ ಕುರಿಗಾರರೊಬ್ಬರು ಹೇಳಿದರು: "ಉಣ್ಣಿ ಮಾರಿದ್ರ ಕತ್ತರಿಸಿದವರ ಕೂಲಿನೂ ಹುಟ್ಟಂಗಿಲ್ರಿ. ಕುರಿಗೆ ಸೆಕಿ ಆಗ್ತದಂತ ಕತ್ತರಸ್ತೀವಿ, ಉಣ್ಣಿ ಅಲ್ಲೇ ಬಿಟ್ಟು ಬರ್ತೀವಿ."

ದಖ್ಖನಿ ಕುರಿಯ ಉಣ್ಣೆ ಒರಟು. ಕಂಬಳಿಗೆ, ಜಮಖಾನಕ್ಕೆ ಒದಗುತ್ತದೆಯೇ ಹೊರತು ನಯವಾದ ಬಟ್ಟೆಗಲ್ಲ. ಕಂಬಳಿ ಕೊಳ್ಳುವವರು ಕಡಮೆಯಾದಂತೆ ಕುರಿಗಾರರು ಮಾಂಸದ ತಳಿಗಳತ್ತ ತಿರುಗಿದ್ದಾರೆ.

ಸರಕಾರದ ನೆರವು ಇಲ್ಲವೆಂದಲ್ಲ. 2021-22ರಲ್ಲಿ ಪರಿಷ್ಕೃತಗೊಂಡ ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ 100 ಹೆಣ್ಣು ಕುರಿ, 5 ಟಗರುಗಳ ಘಟಕದಿಂದ ಆರಂಭಿಸಿ ಶೇ. 50ರ ಸಹಾಯಧನವಿದೆ, ಗರಿಷ್ಠ ಮಿತಿ 50 ಲಕ್ಷ ರೂ. ಹಣ ಬರುವುದು ಎರಡು ಕಂತುಗಳಲ್ಲಿ; ಉಳಿದರ್ಧವನ್ನು ಬ್ಯಾಂಕಿನಿಂದಲೋ ಕೈಯಿಂದಲೋ ಹೊಂದಿಸಬೇಕು. ಮೂವತ್ತು ಕುರಿಗಳೊಡನೆ ಊರೂರು ಅಲೆಯುವವನಿಗೆ ಇದು ಎಟುಕದ ಕೊಂಬೆ. ರಾಜ್ಯವು 2022ರಲ್ಲಿ ಪ್ರಕಟಿಸಿದ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆ, 20 ಕುರಿ ಮತ್ತು 1 ಟಗರಿನ ಘಟಕವಾದ್ದರಿಂದ, ಸಣ್ಣವರಿಗೆ ಹತ್ತಿರವಾಗಿತ್ತು. ಆಕಸ್ಮಿಕವಾಗಿ ಸತ್ತ ಕುರಿಗೆ ಅನುಗ್ರಹ ಯೋಜನೆಯಡಿ ಇದ್ದ 5,000 ರೂ. ಪರಿಹಾರವನ್ನು 2025-26ರ ಮುಂಗಡಪತ್ರದಲ್ಲಿ 7,500 ರೂ.ಗೆ ಏರಿಸಲಾಯಿತು. ಇವೆಲ್ಲವೂ ಕುರಿಯ ಲೆಕ್ಕದಲ್ಲಿ ಕೊಡುವ ಹಣ. ಕತ್ತರಿಸಿದ ಉಣ್ಣೆಯ ಕಿಲೋಗೆ ಬೆಲೆ ಕಟ್ಟುವ ಮಾತು ಇವುಗಳಲ್ಲಿಲ್ಲ.

ಅಮೆರಿಕಾದಲ್ಲಿ 1954ರ ರಾಷ್ಟ್ರೀಯ ಉಣ್ಣೆ ಕಾಯಿದೆ ಬೇರೆ ದಾರಿ ಹಿಡಿಯಿತು. ಉಣ್ಣೆಗೂ ಅಂಗೋರಾ ಮೇಕೆಯ ಮೊಹೇರಿಗೂ, ರೈತ ಪಡೆದ ಬೆಲೆಯ ಮೇಲೆ ಶೇಕಡಾವಾರು ಪ್ರೋತ್ಸಾಹಧನ ಸೇರಿಸಿ ಕೊಟ್ಟರು. ಒಳ್ಳೆಯ ಮಾಲಿಗೆ ಹೆಚ್ಚು ಹಣ. ಆದರೆ ದೊಡ್ಡ ಹಿಂಡಿನವರೇ ಹೆಚ್ಚು ಪಾಲು ಪಡೆಯುತ್ತಾರೆಂಬ ಟೀಕೆ ಬೆಳೆಯಿತು. 1993ರಲ್ಲಿ ಅದನ್ನು ಹಂತಹಂತವಾಗಿ ನಿಲ್ಲಿಸುವ ನಿರ್ಧಾರವಾಯಿತು. 2002ರಲ್ಲಿ ನೆರವು ಬೇರೆ ರೂಪದಲ್ಲಿ ಮರಳಿತು.

ಸರಕಾರದ ಕೈ ಬರುತ್ತದೆ, ಹೋಗುತ್ತದೆ ಎಂಬುದು ನಮಗೆ ಹೊಸ ಪಾಠವಲ್ಲ. ಕಾಫಿ ಪೂಲ್ ವ್ಯವಸ್ಥೆ 1996ರಲ್ಲಿ ಕೊನೆಗೊಂಡುದನ್ನು ನಾವೇ ಕಂಡವರು. ಅಡಿಕೆಯವರು ಬೆಲೆ ಕುಸಿತದ ಕಾಲದಲ್ಲಿ, 1973ರಲ್ಲಿ, ಕ್ಯಾಂಪ್ಕೋ ಕಟ್ಟಿಕೊಂಡರು. ಮಾಲು ಹಿಡಿದು ನಿಂತಾಗ ಕೊಳ್ಳುವ ಒಂದು ಸ್ವಂತ ಸಂಸ್ಥೆ ಇರುವುದು ಎಷ್ಟು ಧೈರ್ಯವೆಂದು ಸದಸ್ಯರಿಗೆ ಬಿಡಿಸಿ ಹೇಳಬೇಕಿಲ್ಲ. ಉಣ್ಣೆಗೆ ಅಂಥ ಧೈರ್ಯ ಈ ಮೂರು ತಾಲ್ಲೂಕುಗಳಲ್ಲಿ ನಮಗೆ ಕಾಣಲಿಲ್ಲ.

ಸಹಾಯಧನ ನಮ್ಮ ಕೈಯಲ್ಲಿಲ್ಲ, ಕೊಳ್ಳುವುದು ನಮ್ಮ ಕೈಯಲ್ಲಿದೆ. ಆದ್ದರಿಂದ ಎರಡು ಸಲಹೆಗಳನ್ನು ಮುಂದಿನ ಸಭೆಯ ಮುಂದಿಡುತ್ತಿದ್ದೇವೆ. ಒಂದು, ಕುರಿಗೊಬ್ಬರವನ್ನು ದಲ್ಲಾಳಿಯ ಲಾರಿ ಲೆಕ್ಕದಲ್ಲಿ ಕೊಳ್ಳದೆ, ಕುರಿಗಾರರ ಸಹಕಾರ ಸಂಘದಿಂದ ನೇರವಾಗಿ, ತೂಕದ ಮೇಲೆ ತರಿಸುವುದು. ಎರಡು, ತೋಟದ ಆಳುಗಳಿಗೆ ಬೇಕಾದ ಕಂಬಳಿಗಳನ್ನು ನೇಕಾರರಿಂದಲೇ ಒಟ್ಟಾಗಿ ಕೊಳ್ಳುವುದು. ಮೊದಲನೆಯದರಿಂದ ನಮಗೂ ಲಾಭವಿದೆ. ಎರಡನೆಯದಕ್ಕೆ ಪ್ಲಾಸ್ಟಿಕ್ಕಿಗಿಂತ ಖರ್ಚು ಹೆಚ್ಚೆಂಬುದನ್ನು ಮುಚ್ಚಿಡುವುದಿಲ್ಲ.

ತಮಗೆ ಬೇಕಾದ ಗೊಬ್ಬರ, ಕಂಬಳಿಗಳ ಅಂದಾಜನ್ನು ಸದಸ್ಯರು ಸಭೆಗೆ ಮೊದಲೇ ಸಂಘದ ಕಚೇರಿಗೆ ಬರೆದು ಕೊಡಬೇಕಾಗಿ ಕೋರುತ್ತೇವೆ.