ಬೆಚ್ಚಗಿಟ್ಟರೆ ಉರಿಯೂತ ತಗ್ಗುತ್ತದೆಯೇ?

ಜನರಲ್ ಅನಸ್ತೇಶಿಯಾ ಕೊಟ್ಟ ಮೊದಲ ಗಂಟೆಯಲ್ಲೇ ರೋಗಿಯ ಒಳಮೈಯ ಉಷ್ಣತೆ ಒಂದರಿಂದ ಒಂದೂವರೆ ಡಿಗ್ರಿ ಸೆಲ್ಸಿಯಸ್ ಕುಸಿಯುತ್ತದೆ. ದೂರು ಹೋಗುವುದು ಥಿಯೇಟರಿನ ಏಸಿಯ ಮೇಲೆ. ಅಸಲಿಗೆ ಆ ಹೊತ್ತಿನಲ್ಲಿ ಶಾಖ ಹೊರಗೆ ಹೋಗುವುದಕ್ಕಿಂತ ಜಾಗ ಬದಲಿಸುವುದೇ ಹೆಚ್ಚು. ರಕ್ತನಾಳಗಳು ಸಡಿಲಗೊಂಡು ಎದೆ, ಹೊಟ್ಟೆಯ ಬಿಸಿ ಕೈಕಾಲಿಗೆ ಹರಿದುಬಿಡುತ್ತದೆ. ಹಾಗಾಗಿ ರೋಗಿಯನ್ನು ಬೆಚ್ಚಗಿಡಬೇಕು ಎಂಬುದರಲ್ಲಿ ತಕರಾರಿಲ್ಲ. ಬೆಚ್ಚಗಿಟ್ಟರೆ ಉರಿಯೂತ ತಗ್ಗುತ್ತದೆ ಎಂಬ ಸಲೀಸಾದ ಮಾತು ಮಾತ್ರ ಅರ್ಧ ಸತ್ಯ. ಕೊಯ್ದ ಗಾಯಕ್ಕೆ ನುಗ್ಗಿದ ಬ್ಯಾಕ್ಟೀರಿಯಾವನ್ನು ಮೊದಲ ಕೆಲವು ಗಂಟೆಗಳಲ್ಲಿ ಮುಗಿಸುವುದು ಉರಿಯೂತದ್ದೇ ಕೆಲಸ. ಅದರ ಮುಂಚೂಣಿಯ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳಿಗೆ ಕೊಲ್ಲಲು ಆಮ್ಲಜನಕ ಬೇಕು; ಮೈ ತಣ್ಣಗಾಗಿ ಚರ್ಮದ ನಾಳಗಳು ಮುದುಡಿದರೆ ಅದು ಸಾಕಷ್ಟು ತಲುಪದು. 1998ರಲ್ಲಿ ಬೈಲಿನ್ ತಂಡ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರ ರಕ್ತ ಪರೀಕ್ಷಿಸಿದಾಗ, ತಣ್ಣಗಾದವರಲ್ಲಿ ಇಂಟರ್‌ಲ್ಯೂಕಿನ್-1 ಬೀಟಾ, ಇಂಟರ್‌ಲ್ಯೂಕಿನ್-2 ಎಂಬ ರೋಗನಿರೋಧಕ ಸಂಕೇತ ವಸ್ತುಗಳ ಉತ್ಪತ್ತಿ ಏರಿರಲಿಲ್ಲ, ಕುಗ್ಗಿತ್ತು. ಬಿಸಿಹೊದಿಕೆ ಉರಿಯೂತವನ್ನು ಆರಿಸುವುದಲ್ಲ, ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸಲು ಬಿಡುವುದು.

ಹೊದಿಕೆಗೆ ಊದುವ ಬಿಸಿಗಾಳಿಯೇ ನೆಲದ ರೋಗಾಣುಗಳನ್ನು ಎಬ್ಬಿಸಿ ಗಾಯಕ್ಕೆ ತರುತ್ತದಲ್ಲ ಎಂಬ ಆಕ್ಷೇಪವಿದೆ. ಅದನ್ನು ಎತ್ತಿದವರು ಯಾರು ಎನ್ನುವುದೇ ಸ್ವಾರಸ್ಯ. ಬಳಸಿ ಎಸೆಯುವ ತೆಳು ಹೊದಿಕೆಯೊಳಗೆ ಕೊಳವೆಯಿಂದ ಬಿಸಿಗಾಳಿ ಊದುವ ‘ಬೇರ್ ಹಗ್ಗರ್’ ಅನ್ನು 1980ರ ದಶಕದಲ್ಲಿ ರೂಪಿಸಿದ ಅಮೆರಿಕದ ಅರಿವಳಿಕೆ ತಜ್ಞ ಸ್ಕಾಟ್ ಆಗಸ್ಟೀನ್, ಕಂಪನಿ ಬಿಟ್ಟ ಮೇಲೆ ಅದರ ಕಡು ವಿರೋಧಿಯಾದರು. ಗಾಳಿಯ ಗೊಡವೆಯಿಲ್ಲದೆ ವಿದ್ಯುತ್ತಿನಿಂದ ಕಾಯುವ ಪೈಪೋಟಿಯ ಹೊದಿಕೆ ಮಾರತೊಡಗಿದರು. ಬೇರ್ ಹಗ್ಗರನ್ನು ಮುಂದೆ ಕೊಂಡ 3ಎಂ ಕಂಪನಿಯ ಮೇಲೆ ಸಾವಿರಾರು ದಾವೆಗಳು ಬಿದ್ದವು, ಹೆಚ್ಚಿನವು ಕೀಲು ಬದಲಾಯಿಸಿಕೊಂಡವರವು. ಮಾಡಿದವನೇ ಕೆಟ್ಟದ್ದೆಂದರೆ ನಂಬಬೇಡವೇ? ಅಂಗಡಿಯಲ್ಲಿ ಬೇರೆ ಸರಕು ಇಟ್ಟುಕೊಂಡವರ ಮಾತನ್ನು ಸ್ವಲ್ಪ ತಡೆದು ನಂಬುವುದು ಒಳ್ಳೆಯದು. ಅಮೆರಿಕದ ಎಫ್‌ಡಿಎ 2017ರಲ್ಲಿ, ಹೊದಿಕೆಗೂ ಸೋಂಕಿಗೂ ಖಚಿತ ನಂಟು ಕಾಣಲಿಲ್ಲ, ಬಳಕೆ ನಿಲ್ಲಿಸಬೇಡಿ ಎಂದೇ ವೈದ್ಯರಿಗೆ ಬರೆಯಿತು.

ಗಟ್ಟಿ ಆಕ್ಷೇಪ ಬಂದಿದ್ದು ಬೆಚ್ಚಗಿಡುವವರ ಪಾಳೆಯದಿಂದಲೇ. 1996ರಲ್ಲಿ ಆಂಡ್ರಿಯಾ ಕುರ್ಜ್, ಡೇನಿಯಲ್ ಸೆಸ್ಲರ್ ಮತ್ತು ಸಂಗಡಿಗರು ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯ 200 ರೋಗಿಗಳಲ್ಲಿ ತೋರಿಸಿದ್ದೇನು? ತಣ್ಣಗಾದವರಲ್ಲಿ ಗಾಯದ ಸೋಂಕು ಶೇ 19, ಬೆಚ್ಚಗಿದ್ದವರಲ್ಲಿ ಶೇ 6. ಅದೇ ಸೆಸ್ಲರ್ ಮುಂದಾಳಾಗಿದ್ದ, 5,056 ಮಂದಿಯ ‘ಪ್ರೊಟೆಕ್ಟ್’ ಪ್ರಯೋಗ 2022ರಲ್ಲಿ 35.5 ಡಿಗ್ರಿಗೂ 37 ಡಿಗ್ರಿಗೂ ಹೃದಯದ ಹಾನಿಯಲ್ಲಾಗಲಿ ಸೋಂಕಿನಲ್ಲಾಗಲಿ ಹೇಳಿಕೊಳ್ಳುವ ಅಂತರವಿಲ್ಲ ಎಂದಿತು. ಹಾಗಾದರೆ ಹೊದಿಕೆ ದಂಡವೇ? ಹಾಗೇನಿಲ್ಲ, 1996ರ ತಣ್ಣಗಿನ ಗುಂಪು 34.7ಕ್ಕೆ ಇಳಿದಿತ್ತು. 35.5ಕ್ಕಿಂತ ಕೆಳಗಿನ ಆ ಮುಕ್ಕಾಲು ಡಿಗ್ರಿಯ ಲೆಕ್ಕವೇ ಬೇರೆ. 35.5 ಕಾಯ್ದುಕೊಂಡ ಮೇಲೆ 37ಕ್ಕೆ ಹಟ ಹಿಡಿಯಬೇಕಿಲ್ಲ ಎಂದಷ್ಟೇ ಇದರ ಅರ್ಥ. ನನಗೆ ಇನ್ನೂ ಹಿಡಿಸುವುದು 2001ರ ಮೆಲ್ಲಿಂಗ್ ತಂಡದ ಬ್ರಿಟಿಷ್ ಅಧ್ಯಯನ. ಹರ್ನಿಯಾ, ಸ್ತನ, ಉಬ್ಬಿದ ರಕ್ತನಾಳಗಳಂಥ ಚಿಕ್ಕ ಶಸ್ತ್ರಚಿಕಿತ್ಸೆಗಳಿಗೆ ಮುನ್ನ ಅರ್ಧ ಗಂಟೆ ಬಿಸಿ ಕೊಟ್ಟವರಲ್ಲಿ ಸೋಂಕು ಶೇ 5, ಕೊಡದವರಲ್ಲಿ ಶೇ 14. ಇಡೀ ಮೈ ಬದಲು ಕೊಯ್ಯುವ ಜಾಗಕ್ಕಷ್ಟೇ ಬಿಸಿ ಕೊಟ್ಟವರಿಗೂ ಲಾಭ ಕಡಿಮೆಯಾಗಲಿಲ್ಲ.